ಆರು ಮನೆಗಳ ಡಬ್ಬಿ: ಬೈಕಿನ ಫ್ಯೂಯಲ್ ಟ್ಯೂನರ್ ಜೊತೆ ಎರಡು ವರ್ಷ

ಮೈಲೇಜ್ ಹೆಚ್ಚುತ್ತದೆ ಎಂಬ ಆಸೆಯಿಂದ, ಎಂಜಿನ್ನಿಗೆ ಹೋಗುವ ಪೆಟ್ರೋಲಿನ ಪ್ರಮಾಣ ತಿದ್ದುವ ಈ ಡಬ್ಬಿ ಕೊಳ್ಳಲು ಹೊರಟವರು ಇಲ್ಲಿಗೇ ಓದು ನಿಲ್ಲಿಸಿ ಹಣ ಉಳಿಸಿಕೊಳ್ಳಬಹುದು. ನಾನೂ ಅದೇ ಆಸೆಯಿಂದ ಕೊಂಡವನು. ಎರಡು ವರ್ಷ ಎರಡು ತಿಂಗಳು, 26,400 ಕಿಲೋಮೀಟರ್ ಆದ ಮೇಲೂ ಅದು ಸೀಟಿನ ಕೆಳಗೇ ಇದೆ. ಕೊಂಡ ಕಾರಣಕ್ಕೂ ಉಳಿಸಿಕೊಂಡ ಕಾರಣಕ್ಕೂ ಮಾತ್ರ ಯಾವ ಸಂಬಂಧವೂ ಇಲ್ಲ.

ತುಮಕೂರಿನಲ್ಲಿ ಮನೆ, ಕೊರಟಗೆರೆ ದಾರಿಯ ಒಂದು ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರ ಕೆಲಸ. ಹೋಗಿ ಬರಲು ದಿನಕ್ಕೆ 44 ಕಿಲೋಮೀಟರ್. ಬೈಕು 2018ರದು, ಬಿಎಸ್-4 ಹೊಗೆ ನಿಯಮದ ಕಾಲದ್ದು, ಒಂದೇ ಸಿಲಿಂಡರ್, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್ ಇರುವಂಥದ್ದು. ಬೈಕಿನ ಹೆಸರೂ ಬೇಡ, ಡಬ್ಬಿಯ ಹೆಸರೂ ಬೇಡ. ಈ ಜಾತಿಯ ಡಬ್ಬಿಗಳ ಹಣೆಬರಹ ಹೆಚ್ಚುಕಡಿಮೆ ಒಂದೇ.

ಬೈಕಿಗೆ ಹುಟ್ಟಿನಿಂದ ಒಂದು ಕಾಯಿಲೆಯಿತ್ತು. ಎರಡನೇ ಗೇರಿನಲ್ಲಿ, ಆಕ್ಸಿಲರೇಟರನ್ನು ಮುಟ್ಟಿಯೂ ಮುಟ್ಟದಂತೆ ಹಿಡಿದು ನಿಧಾನವಾಗಿ ಹೋಗುವಾಗ ಎಂಜಿನ್ ಜಗ್ಗುತ್ತಿತ್ತು. ಹೆದ್ದಾರಿಯಲ್ಲಿ ಇದು ಗೊತ್ತೇ ಆಗುವುದಿಲ್ಲ. ಶಾಲೆ ಬಿಟ್ಟ ಹೊತ್ತಿನಲ್ಲಿ ಗೇಟಿನಿಂದ ಮುಖ್ಯರಸ್ತೆಯವರೆಗಿನ ಅರ್ಧ ಕಿಲೋಮೀಟರಿನಲ್ಲಿ ಮಕ್ಕಳ ಹಿಂದೆ ಸೈಕಲ್ಲಿನ ವೇಗದಲ್ಲಿ ಹೋಗಬೇಕು. ಅಲ್ಲಿ ಹಿಡಿಯುತ್ತಿತ್ತು. ಒಂಬತ್ತನೇ ತರಗತಿಯ ಹುಡುಗರು ನನ್ನ ಬೈಕಿಗೆ ‘ಬಿಕ್ಕಳಿಕೆ ಗಾಡಿ’ ಎಂದು ನಾಮಕರಣ ಮಾಡಿದ್ದರು. ಹೆಸರಿಟ್ಟವನು ಯಾರೆಂದು ಪತ್ತೆಯಾಗಲಿಲ್ಲ. ಪತ್ತೆಯಾಗಿದ್ದರೆ ಹೆಚ್ಚಿಗೆ ಅಂಕ ಕೊಡುತ್ತಿದ್ದೆ. ಆದರೂ ಡಬ್ಬಿ ಕೊಂಡದ್ದು ಈ ಬಿಕ್ಕಳಿಕೆಗಾಗಿ ಅಲ್ಲ, ಜಾಹೀರಾತಿನಲ್ಲಿದ್ದ ‘ಎಕಾನಮಿ ಮ್ಯಾಪ್’ ಎಂಬ ಎರಡು ಪದಗಳಿಗಾಗಿ. ಬೆಲೆ 9,500 ರೂಪಾಯಿ.

“ಸೊಪ್ಪಿನವಳ ಹತ್ತಿರ ಎರಡು ರೂಪಾಯಿಗೆ ಚೌಕಾಸಿ ಮಾಡುತ್ತೀರಿ, ಇದಕ್ಕೆ ಒಂಬತ್ತೂವರೆ ಸಾವಿರ ಕೊಟ್ಟಿರಾ?” ಎಂದಳು ಹೆಂಡತಿ. ಪೆಟ್ರೋಲಿನಲ್ಲಿ ವಾಪಸು ಬರುತ್ತದೆ ಎಂದೆ. ಆ ಮಾತನ್ನು ಅವಳು ಇಂದಿಗೂ ಮರೆತಿಲ್ಲ.

ಡಬ್ಬಿ ಮಾಡುವ ಕೆಲಸ ಸರಳ. ಬೈಕಿನ ಇಸಿಯು, ಅಂದರೆ ಎಂಜಿನ್ನನ್ನು ಆಳುವ ಪುಟ್ಟ ಕಂಪ್ಯೂಟರಿನೊಳಗೆ ಮಗ್ಗಿ ಪುಸ್ತಕದಂಥ ಒಂದು ಕೋಷ್ಟಕವಿರುತ್ತದೆ. ಮೇಲಿನ ಸಾಲಿನಲ್ಲಿ ಆಕ್ಸಿಲರೇಟರ್ ಶೇಕಡಾ ಎಷ್ಟು ತೆರೆದಿದೆ ಎಂಬುದು, ಎಡಗಡೆ ಎಂಜಿನ್ನಿನ ಆರ್‌ಪಿಎಂ. ಎರಡೂ ಸೇರುವ ಮನೆಯಲ್ಲಿ ಇಂಜೆಕ್ಟರ್ ಎಷ್ಟು ಮಿಲಿಸೆಕೆಂಡ್ ಬಾಯಿ ತೆರೆದಿರಬೇಕು ಎಂಬ ಅಂಕಿ. ಡಬ್ಬಿ ಈ ಮೂಲ ಕೋಷ್ಟಕವನ್ನು ಮುಟ್ಟುವುದಿಲ್ಲ. ಇಸಿಯು ಮತ್ತು ಇಂಜೆಕ್ಟರ್ ನಡುವೆ ದಲ್ಲಾಳಿಯಂತೆ ಕುಳಿತು, ಆ ಮನೆಯಲ್ಲಿ ಶೇಕಡಾ ಐದು ಸೇರಿಸು, ಈ ಮನೆಯಲ್ಲಿ ಎರಡು ಕಳೆ ಎಂದು ನಾವು ಬರೆದುಕೊಟ್ಟಂತೆ ಆ ಹೊತ್ತನ್ನು ಹಿಗ್ಗಿಸುತ್ತದೆ, ಕುಗ್ಗಿಸುತ್ತದೆ. ಈ ಕೂಡು-ಕಳೆ ಪಟ್ಟಿಗೇ ‘ಮ್ಯಾಪ್’ ಎನ್ನುತ್ತಾರೆ. ಎತ್ತರಕ್ಕೆ, ಬಿಸಿಲಿಗೆ ತಕ್ಕ ತಿದ್ದುಪಡಿಯನ್ನು ಇಸಿಯು ಮೊದಲೇ ಮಾಡಿರುತ್ತದೆ, ಅದಕ್ಕೆ ಧಕ್ಕೆಯಿಲ್ಲ. ತುಮಕೂರಿನ ಬಟವಾಡಿಯಲ್ಲಿ ಹೇಗೋ, ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್ ಎತ್ತರದ ದೇವರಾಯನದುರ್ಗದಲ್ಲೂ ಹಾಗೆಯೇ ನಡೆಯಿತು.

ಈಗ ನನ್ನ ಖುಷಿಯ ಭಾಗಕ್ಕೆ ಬರುತ್ತೇನೆ. ಮೈಲೇಜ್ ಅಳೆಯುವುದು ನನಗೆ ಒಂದು ವ್ರತ. ಒಂದೇ ಬಂಕ್, ಅದರಲ್ಲೂ ಬಲತುದಿಯ ಪಂಪು. ಬೆಳಿಗ್ಗೆ ಏಳೂವರೆ, ಬಿಸಿಲೇರುವ ಮುಂಚೆ. ಗಾಡಿ ಸೈಡ್ ಸ್ಟ್ಯಾಂಡಿನಲ್ಲಿ ಅಲ್ಲ, ಮೇನ್ ಸ್ಟ್ಯಾಂಡಿನಲ್ಲಿ ನೆಟ್ಟಗೆ ನಿಲ್ಲಬೇಕು. ನಾಜಲ್ ಮೊದಲ ಸಲ ತಾನಾಗಿ ‘ಟಕ್’ ಎಂದು ನಿಂತರೆ ಮುಗಿಯಿತು, ಇನ್ನು ಹತ್ತು ಪೈಸೆಯಷ್ಟೂ ಬೇಡ. ಬಂಕಿನ ಹುಡುಗ ಮೊದಮೊದಲು “ರೌಂಡ್ ಫಿಗರ್ ಮಾಡುತ್ತೇನೆ ಸಾರ್” ಎಂದು ಪೇಚಾಡುತ್ತಿದ್ದ. ಈಗ ನನ್ನನ್ನು ಕಂಡ ಕೂಡಲೇ ಕೈ ಕಟ್ಟಿಕೊಂಡು ಟಕ್ ಸದ್ದಿಗೆ ಕಾಯುತ್ತಾನೆ. ಹಳೆಯ ಹಾಜರಿ ಪುಸ್ತಕವೊಂದರಲ್ಲಿ ಮಕ್ಕಳ ಹೆಸರಿನ ಜಾಗದಲ್ಲಿ ದಿನಾಂಕ, ಹಾಜರಿಯ ಜಾಗದಲ್ಲಿ ಲೀಟರು. ಷರಾ ಕಾಲಮಿನಲ್ಲಿ ‘ಎದುರುಗಾಳಿ’, ‘ಚೈನಿಗೆ ಎಣ್ಣೆ’, ‘ಹಿಂದೆ ಮಾವನವರು’ ಇತ್ಯಾದಿ. ತಿಂಗಳಿಗೊಮ್ಮೆ ಭಾನುವಾರ ಸ್ಪಾರ್ಕ್ ಪ್ಲಗ್ ಬಿಚ್ಚಿ ತುಳಸಿಕಟ್ಟೆಯ ಮೇಲಿಟ್ಟು ಬಿಸಿಲಿನಲ್ಲಿ ನೋಡುತ್ತೇನೆ. ಕಾಫಿಗೆ ಹಾಲು ಹೆಚ್ಚಾದ ಬಣ್ಣವಿದ್ದರೆ ಮಿಶ್ರಣ ಹದವಾಗಿದೆ. ಮಸಿ ಹಿಡಿದಿದ್ದರೆ ಪೆಟ್ರೋಲ್ ಜಾಸ್ತಿ, ಅಂದರೆ ರಿಚ್. ಸುಣ್ಣದಂತೆ ಬಿಳಿಚಿಕೊಂಡಿದ್ದರೆ ಪೆಟ್ರೋಲ್ ಕಡಿಮೆ, ಅಂದರೆ ಲೀನ್, ಆಗ ಹೆದರಬೇಕು.

ಹಾಜರಿ ಪುಸ್ತಕ ಹೇಳುವುದು ಹೀಗೆ. ಡಬ್ಬಿ ಇಲ್ಲದಾಗಿನ ಸರಾಸರಿ ಲೀಟರಿಗೆ 36.2 ಕಿಲೋಮೀಟರ್. ಡಬ್ಬಿಯ ಕಂಪನಿಯೇ ತುಂಬಿಕೊಟ್ಟ ‘ಪವರ್ ಮ್ಯಾಪ್’ನಲ್ಲಿ 31.8. ‘ಎಕಾನಮಿ ಮ್ಯಾಪ್’ನಲ್ಲಿ 36.9.

ಪವರ್ ಮ್ಯಾಪ್ ಸುಳ್ಳು ಹೇಳಲಿಲ್ಲ. ದುರ್ಗದ ತಿರುವುಗಳಲ್ಲಿ ಹಿಂದೆ ಹೆಂಡತಿ ಕುಳಿತಿದ್ದರೂ ಎರಡನೇ ಗೇರು ದಮ್ಮು ಕಟ್ಟದೆ ಎಳೆಯುತ್ತಿತ್ತು. ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲ್ ಸರಿಯಾಗಿ ಉರಿಯಲು 14.7 ಪಾಲು ಗಾಳಿ ಬೇಕು. ಗಾಳಿಯನ್ನು 13ರ ಆಸುಪಾಸಿಗೆ ಇಳಿಸಿದರೆ ಶಕ್ತಿ ಹೆಚ್ಚು, 15.5ರ ಕಡೆಗೆ ಏರಿಸಿದರೆ ಉಳಿತಾಯ. ಶಕ್ತಿ ಸಿಕ್ಕಿದ ಕೈ ಸುಮ್ಮನಿರುವುದಿಲ್ಲ ಎಂಬುದು ಬೇರೆ ಮಾತು. ಲೀಟರಿಗೆ ನಾಲ್ಕೂವರೆ ಕಿಲೋಮೀಟರ್ ನಷ್ಟದಲ್ಲಿ ಮ್ಯಾಪಿನ ಪಾಲೆಷ್ಟು, ನನ್ನ ಬಲಗೈಯ ಪಾಲೆಷ್ಟು ಎಂದು ಬೇರ್ಪಡಿಸಿ ಹೇಳಲಾರೆ.

ಕೋಪ ಬರಿಸಿದ್ದು ಎಕಾನಮಿ ಮ್ಯಾಪ್. 36.2 ಮತ್ತು 36.9ರ ನಡುವಿನ ವ್ಯತ್ಯಾಸ ಒಂದು ವಾರದ ಎದುರುಗಾಳಿಗೂ ಬರುತ್ತದೆ. ಆದರೂ ಅದನ್ನು ಡಬ್ಬಿಯ ಲೆಕ್ಕಕ್ಕೇ ಉದಾರವಾಗಿ ಬರೆದುಕೊಂಡೆ. ಸಾವಿರ ಕಿಲೋಮೀಟರಿಗೆ ಉಳಿಯುವುದು ಅರ್ಧ ಲೀಟರಿಗಿಂತ ಚೂರು ಹೆಚ್ಚು. ಲೀಟರಿಗೆ 103 ರೂಪಾಯಿ ಹಿಡಿದರೆ 54 ರೂಪಾಯಿ. ಡಬ್ಬಿಯ ಹಣ ವಾಪಸು ಬರಲು ಸುಮಾರು 1,76,000 ಕಿಲೋಮೀಟರ್ ಓಡಿಸಬೇಕು. ತಿಂಗಳಿಗೆ ಸಾವಿರದಂತೆ ಹದಿನಾಲ್ಕೂವರೆ ವರ್ಷಕ್ಕೂ ಹೆಚ್ಚು. ನನ್ನ ನಿವೃತ್ತಿಗೆ ಉಳಿದಿರುವುದು ಹನ್ನೊಂದು ವರ್ಷ! ಕರಿಹಲಗೆಯ ಮೇಲೆ ಬರೆಯುವಂಥ ಈ ಲೆಕ್ಕವನ್ನು ಕೊಳ್ಳುವ ಮೊದಲೇ ಏಕೆ ಮಾಡಲಿಲ್ಲ ಎಂದು ಕೇಳಬೇಡಿ. ಇದೇ ಪುಸ್ತಕದ ಪ್ರಕಾರ ಗಂಟೆಗೆ 90 ಕಿಲೋಮೀಟರ್ ವೇಗ ಬಿಟ್ಟು 70ರಲ್ಲಿ ಹೋದ ವಾರಗಳಲ್ಲಿ ಪುಕ್ಕಟೆಯಾಗಿ ಮೂರು ಕಿಲೋಮೀಟರ್ ಹೆಚ್ಚು ಸಿಕ್ಕಿದೆ.

ಅದೂ ಸಾಲದೆಂಬಂತೆ ಎಕಾನಮಿಯಲ್ಲಿ ದುರ್ಗ ಹತ್ತಿ ಬಂದ ಭಾನುವಾರ ಪ್ಲಗ್ ಬಿಚ್ಚಿದರೆ ಸುಣ್ಣ ಬಳಿದಂತಿತ್ತು. ಚಡಾವಿನಲ್ಲಿ ಭಾರ ಎಳೆಯುವಾಗ ಪೆಟ್ರೋಲ್ ಕಡಿಮೆಯಾದರೆ ಎಂಜಿನ್ ಬಿಸಿಯೇರುತ್ತದೆ. ಎಳೆತ ಸಾಲದೆ ಕೈ ಇನ್ನಷ್ಟು ತಿರುಗುತ್ತದೆ, ಉಳಿಸಿದ್ದು ಅಲ್ಲೇ ಖರ್ಚಾಗುತ್ತದೆ. ಮ್ಯಾಪ್ ಬದಲಿಸುವ ಸ್ವಿಚ್ಚಿನ ಆ ಬದಿಗೆ ಅಂದೇ ಟೇಪ್ ಸುತ್ತಿದೆ.

ಇನ್ನು ಡಬ್ಬಿಯ ಅಂಕಿಗಳನ್ನು ತಿದ್ದುವ ಮೊಬೈಲ್ ಆ್ಯಪ್. ಮೊಬೈಲ್ ಅಪ್‌ಡೇಟ್ ಆದ ಮಾರನೆಯ ದಿನದಿಂದ ಅದಕ್ಕೆ ಡಬ್ಬಿಯ ಗುರುತೇ ಸಿಗದಾಯಿತು. ಸಹಾಯವಾಣಿಯವರು ಮೂರು ವಾರ ‘ಪರಿಶೀಲನೆಯಲ್ಲಿದೆ’ ಎಂದರು. ಆಮೇಲೆ ಮಗಳ ಹಳೆಯ ಫೋನಿನಲ್ಲಿ ನೋಡಿದರೆ ಸರಿಯಾಗಿ ಕೆಲಸ ಮಾಡಿತು. ಆ ಫೋನ್ ಈಗ ಇದೊಂದೇ ಕೆಲಸಕ್ಕೆ ಬದುಕಿದೆ. ಮಳೆಗಾಲದಲ್ಲಿ ಇನ್ನೊಂದು ಕಥೆ. ಡಬ್ಬಿಯ ತಂತಿಗಳನ್ನು ಜೋಡಿಸುವ ಕಪ್ಲರಿಗೆ ರಬ್ಬರ್ ಸೀಲು ಕೊಟ್ಟಿರಲಿಲ್ಲ. ಅಕ್ಟೋಬರಿನ ಒಂದು ಸಂಜೆ ನೀರು ಇಳಿದು ಎಂಜಿನ್ ನಡುರಸ್ತೆಯಲ್ಲಿ ನಿಂತುಹೋಯಿತು. ಹುಣಸೆಮರದ ಕೆಳಗೆ ನಿಂತು, ಸೀಟು ಬಿಚ್ಚಿ, ಡಬ್ಬಿಯನ್ನು ಕಳಚಿ ಬೈಕಿನ ಮೂಲ ಕಪ್ಲರನ್ನೇ ಜೋಡಿಸಿ ಮನೆ ಸೇರಿದೆ. ಹತ್ತು ನಿಮಿಷದ ಕೆಲಸ. ಯಾವ ತಂತಿಯನ್ನೂ ಕತ್ತರಿಸದೆ ಕೂರಿಸುವಂತಿರುವುದು ಈ ಡಬ್ಬಿಯ ದೊಡ್ಡ ಗುಣ ಎಂದು ಅಂದು ಒಪ್ಪಿಕೊಂಡೆ, ಬೈಯುತ್ತಲೇ.

ಮಾರಿಬಿಡೋಣ ಎಂದು ಮೆಕ್ಯಾನಿಕ್ ಭಾಯ್ ಹತ್ತಿರ ಹೋದೆ. ಹಳೆಯ ಸ್ಕೂಟರುಗಳ ಕಾರ್ಬ್ಯುರೇಟರಿನಲ್ಲಿ ಕೈ ಪಳಗಿದವರು, ಕಂಪ್ಯೂಟರ್ ಎಂದರೆ ಮೂಗು ಮುರಿಯುವವರು. “ಆ ಬಿಕ್ಕಳಿಕೆಗೆ ಏನಾದರೂ ಹಾಕಿ ನೋಡಿದಿರಾ ಮೇಷ್ಟ್ರೇ?” ಎಂದರು.

ಹಾಕಿರಲಿಲ್ಲ. ಅಂದು ರಾತ್ರಿ ಆ ಹಳೆಯ ಫೋನ್ ಹಿಡಿದು ಕುಳಿತೆ. ಶಾಲೆಯ ಗೇಟಿನ ಮುಂದೆ ನನ್ನ ಬೈಕು ಇರುವುದು 2,500ರಿಂದ 3,500 ಆರ್‌ಪಿಎಂ ನಡುವೆ, ಆಕ್ಸಿಲರೇಟರ್ ಶೇಕಡಾ 2ರಿಂದ 5. ಇಡೀ ಕೋಷ್ಟಕದಲ್ಲಿ ಇದು ಆರೇ ಮನೆ. ಚೌಕಾಬಾರದ ಹಾಸಿನ ಒಂದು ಮೂಲೆಯಷ್ಟು. ಆರಕ್ಕೂ ಶೇಕಡಾ 5 ಸೇರಿಸಿದೆ.

ಮಾರನೆಯ ದಿನ ಬಿಕ್ಕಳಿಕೆ ಮಾಯ. ಅದರ ಮಾರನೆಯ ದಿನವೂ ಇಲ್ಲ. ನಾಲ್ಕನೆಯ ದಿನ ಮತ್ತೆ ಬಂತು! ಕೋಷ್ಟಕ ತೆರೆದು ನೋಡಿದರೆ ಐದು ಐದಾಗಿಯೇ ಇತ್ತು. ಭಾಯ್ ನಕ್ಕರು. “ನೀವು ಮುಂಬಾಗಿಲಲ್ಲಿ ಸುರಿದದ್ದನ್ನು ಅವನು ಹಿತ್ತಲಲ್ಲಿ ಎತ್ತಿ ಹೊರಗೆ ಹಾಕುತ್ತಿದ್ದಾನೆ” ಎಂದರು. ಅವನು ಎಂದರೆ ಸೈಲೆನ್ಸರ್ ಬೆಂಡಿನಲ್ಲಿರುವ ಆಕ್ಸಿಜನ್ ಸೆನ್ಸರ್. ಅದಕ್ಕೆ 13, 14 ಎಂಬ ಅಂಕಿಗಳು ತಿಳಿಯವು. ಪೆಟ್ರೋಲ್ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದಷ್ಟೇ ಕೂಗುತ್ತದೆ. ಕಡಿಮೆ ಆಕ್ಸಿಲರೇಟರಿನಲ್ಲಿ ಇಸಿಯು ಆ ಕೂಗು ಕೇಳಿ ಸೇರಿಸುತ್ತ, ಕಳೆಯುತ್ತ, ನಾಲ್ಕಾರು ದಿನದಲ್ಲಿ ಪಾಠ ಕಲಿತು ನನ್ನ ಶೇಕಡಾ ಐದನ್ನು ಪೂರ್ತಿ ಅಳಿಸಿಬಿಟ್ಟಿತ್ತು. ಎಕಾನಮಿ ಮ್ಯಾಪ್ ಸಮತಟ್ಟು ರಸ್ತೆಯಲ್ಲಿ ಏನೂ ಉಳಿಸದ ಗುಟ್ಟೂ ಇದೇ. ಜಾಹೀರಾತಿನಲ್ಲಿ ಇದರ ಸುದ್ದಿಯೇ ಇರಲಿಲ್ಲ.

ಮದ್ದು, ಸೆನ್ಸರಿನ ತಂತಿಗೆ ಸಿಕ್ಕಿಸುವ ಹೆಬ್ಬೆಟ್ಟಿನ ಗಾತ್ರದ ಒಂದು ತುಂಡು, 600 ರೂಪಾಯಿ. ನನ್ನ ಬೈಕಿನಲ್ಲಿ ಅದನ್ನು ಹಾಕಿದ ಮೇಲೆ ಇಸಿಯು ತಿದ್ದುವುದನ್ನು ಬಿಟ್ಟು ತನ್ನ ಮೂಲ ಕೋಷ್ಟಕವನ್ನೇ ನಂಬುತ್ತದೆ. ಕಾವಲುಗಾರನನ್ನು ಮನೆಗೆ ಕಳುಹಿಸಿದರೆ ಬಾಗಿಲು ಕಾಯುವ ಕೆಲಸ ನಮ್ಮದಾಗುತ್ತದೆ ಎಂಬುದು ನೆನಪಿರಲಿ. ಪೆಟ್ರೋಲ್ ಅತಿಯಾದರೆ ಉರಿಯದೆ ಉಳಿದದ್ದು ಸೈಲೆನ್ಸರಿನೊಳಗೆ ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿದು ಅದನ್ನು ಸುಡುತ್ತದೆ, ಹೊಗೆಯೂ ಕೆಡುತ್ತದೆ. ಹಾಗಾಗಿ ಅಂದಾಜಿನ ಮೇಲೆ ಬಿಡದೆ, ಭಾಯ್ ಪರಿಚಯದವರಿಂದ ಗಾಳಿ ಎಷ್ಟು ಪಾಲೆಂದು ಅಂಕಿಯಲ್ಲೇ ತೋರಿಸುವ ವೈಡ್‌ಬ್ಯಾಂಡ್ ಮಾಪಕ ಎರವಲು ತಂದು, ಬೆಂಡಿಗೆ ಒಂದು ನಟ್ ವೆಲ್ಡ್ ಮಾಡಿಸಿ, ಎರಡು ಭಾನುವಾರ ರಸ್ತೆಯಲ್ಲಿ ಅಳೆದೆವು. ನಾನು ಓಡಿಸುವುದು, ಅವರು ಹಿಂದೆ ಮಾಪಕ ಹಿಡಿದು ಕುಳಿತು ಹರಾಜು ಕೂಗುವವರಂತೆ “ಹದಿನೈದು… ಹದಿನೈದು… ಹದಿನಾಲ್ಕೂವರೆ!” ಎನ್ನುವುದು. ಆ ಆರು ಮನೆಗಳು 15ರ ಮೇಲಿದ್ದವು, 13.8ಕ್ಕೆ ಇಳಿಸಿದೆವು. 60–70ರ ವೇಗದ ಮನೆಗಳನ್ನು ಮುಟ್ಟಲಿಲ್ಲ. ನಿಂತಲ್ಲಿ ಓಡುವ ಐಡಲ್ ಮನೆಗಳನ್ನೂ ಮುಟ್ಟಲಿಲ್ಲ. ಹೊಗೆ ತಪಾಸಣೆಯಲ್ಲಿ ಗಾಡಿ ಪಾಸಾಗಿದೆ.

ಈ ನಡುವೆ ಬಂಕಿನಲ್ಲಿ ಇ20 ಬಂದಿತು. ಶೇಕಡಾ 20 ಎಥನಾಲ್ ಸೇರಿದ ಪೆಟ್ರೋಲಿಗೆ 14.7ರ ಬದಲು ಸುಮಾರು 13.5 ಪಾಲು ಗಾಳಿ ಸಾಕು. ಅಂದರೆ ಇಂಜೆಕ್ಟರ್ ಅಷ್ಟೇ ಹೊತ್ತು ತೆರೆದರೆ ಎಂಜಿನ್ ಇನ್ನಷ್ಟು ಲೀನ್. ಎಥನಾಲಿನಲ್ಲಿ ಕಸುವೂ ಪೆಟ್ರೋಲಿನ ಮೂರನೇ ಎರಡರಷ್ಟು ಮಾತ್ರ. ಕಾವಲುಗಾರನಿಲ್ಲದ ನಾನು ಎಲ್ಲ ಮನೆಗಳಿಗೂ ಶೇಕಡಾ 3 ಸೇರಿಸಿ ಮತ್ತೊಮ್ಮೆ ಪ್ಲಗ್ ನೋಡಬೇಕಾಯಿತು. ಈಗಿನ ಸರಾಸರಿ 35.1. ಡಬ್ಬಿ ಹಾಕುವ ಮೊದಲಿಗಿಂತ ಕಡಿಮೆ! ಸಾವಿರ ಕಿಲೋಮೀಟರಿಗೆ 90 ರೂಪಾಯಿ ಕೈಯಿಂದ ಹೋಗುತ್ತಿದೆ. ಹೆಂಡತಿಗೆ ಈ ಅಂಕಿ ಗೊತ್ತಿಲ್ಲ. ಹಾಜರಿ ಪುಸ್ತಕವನ್ನು ಅವಳು ತೆರೆಯುವುದೂ ಇಲ್ಲ.

ಅದರ ಬದಲಿಗೆ ಸಿಕ್ಕಿದ್ದು ಅರ್ಧ ಕಿಲೋಮೀಟರ್. ನಾಲ್ಕೂ ಇಪ್ಪತ್ತಕ್ಕೆ ಗಂಟೆ ಬಾರಿಸಿದ ಮೇಲೆ ಎರಡನೇ ಗೇರು, ಕ್ಲಚ್ ಮೇಲೆ ಬೆರಳೂ ಇಲ್ಲ. ಹುಡುಗಿಯರ ಗುಂಪು ಪಕ್ಕಕ್ಕೆ ಸರಿಯುವವರೆಗೆ ಬೈಕು ಹಗ್ಗ ಹಿಡಿದ ಹಸುವಿನಂತೆ ಹಿಂದೆ ಹಿಂದೆ ನಡೆಯುತ್ತದೆ. ಟೌನ್ ಹಾಲ್ ವೃತ್ತದ ಸಂಜೆಯ ದಟ್ಟಣೆಯಲ್ಲೂ ಹಾಗೆಯೇ. ಕ್ಲಚ್ ಹಿಡಿದು ಹಿಡಿದು ಬಂದಿದ್ದ ಎಡಗೈ ಮಣಿಕಟ್ಟಿನ ನೋವು ಯಾವಾಗ ಹೋಯಿತೋ ಗೊತ್ತಾಗಲಿಲ್ಲ.

ಐದಕ್ಕೆ ಮೂರು ಅಂಕ. ಒಂದು ಕಳೆದದ್ದು ಆ್ಯಪ್‌ಗೆ, ಇನ್ನೊಂದು ಸೆನ್ಸರಿನ ಸಂಗತಿ ಮುಚ್ಚಿಟ್ಟದ್ದಕ್ಕೆ. ಬಿಎಸ್-6 ಬೈಕಿನವರು ಸೆನ್ಸರ್ ಮುಟ್ಟಿದರೆ ಎಂಜಿನ್ ದೀಪ ಹೊತ್ತಿಕೊಳ್ಳುವ ಸಾಧ್ಯತೆ ಹೆಚ್ಚು. ವಾರಂಟಿ ಇರುವವರು ಈ ಕಡೆ ತಲೆಹಾಕದಿರುವುದೇ ಕ್ಷೇಮ. ಕೊಂಡೇ ತೀರುತ್ತೇನೆ ಎನ್ನುವವರು ಮಳೆಗಾಲಕ್ಕೆ ಮುಂಚೆ ಕಪ್ಲರಿನ ಒಳಗೆ ವಿದ್ಯುತ್ ಹರಿಯಗೊಡದ ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚಿ, ಮೇಲೆ ಸೈಕಲ್ ಟ್ಯೂಬಿನ ಒಂದು ತುಂಡು ಏರಿಸಿ. ಹುಡುಗರು ನನ್ನ ಗಾಡಿಗೆ ಈಗ ಹೊಸ ಹೆಸರಿಟ್ಟಿದ್ದಾರಂತೆ, ಏನೆಂದು ಯಾರೂ ಬಾಯಿಬಿಡುತ್ತಿಲ್ಲ.