ಬಾಡಿಗೆ ಮನೆಯ ಪ್ರೀಪೇಯ್ಡ್ ಮೀಟರ್: ಅಡ್ವಾನ್ಸ್ ಕೊಡೋ ಮೊದಲು ಆರ್‌ಆರ್ ನಂಬರ್ ಕೇಳಿ

ದಾವಣಗೆರೆಯಲ್ಲಿ ಬಾಡಿಗೆ ಮನೆ ಹುಡುಕ್ತಾ ಇದ್ದರೆ ಇದನ್ನು ಓದಿ. ಆರು ತಿಂಗಳು ಸುಮ್ನೆ ದುಡ್ಡು ಸುರಿದ ಮೇಲೆ ಬರೆಯುತ್ತಿದ್ದೇನೆ.

2025ರ ಮಾರ್ಚ್ ಕೊನೆಗೆ ಶಾಮನೂರು ರಸ್ತೆ ಕಡೆ ಒಂದು ಅಪಾರ್ಟ್‌ಮೆಂಟಿಗೆ ಹೋದೆವು. ಓನರ್ ಮೀಟರ್ ತೋರಿಸಿ, "ಪ್ರೀಪೇಯ್ಡ್ ಐತ್ರಿ, ಮೊಬೈಲ್ ರೀಚಾರ್ಜ್ ಇದ್ದಂಗೆ. ಎಷ್ಟು ಉರಿಸ್ತೀರೋ ಅಷ್ಟೇ ರೊಕ್ಕ" ಅಂದರು. ಒಳ್ಳೇದೇ ಆಯ್ತು ಅಂತ ನಾವೂ ತಲೆ ಆಡಿಸಿದೆವು.

ಮೊದಲ ತಿಂಗಳು 2,200 ರೂಪಾಯಿ. ಏಪ್ರಿಲ್ ಬಿಸಿಲು, ಕೂಲರ್ ನಿಲ್ಲೋದೇ ಇಲ್ಲ, ಅದಕ್ಕೇ ಇರಬೇಕು ಅಂದುಕೊಂಡೆವು. ಮೇ ತಿಂಗಳಲ್ಲಿ ಹತ್ತು ದಿನ ಊರಿಗೆ ಹೋದೆವು. ಫ್ರಿಜ್ಜೂ ಖಾಲಿ ಮಾಡಿ ಆಫ್ ಮಾಡಿದ್ದೆ. ವಾಪಸ್ ಬಂದು ನೋಡಿದರೆ ಬೀಗ ಹಾಕಿದ ಮನೆಗೆ 315 ರೂಪಾಯಿ ಕಟ್ ಆಗಿತ್ತು!

ಆಗ ಆ್ಯಪ್ ಕೆದಕಿದೆ. ಯೂನಿಟ್ಟಿಗೆ 11.50. ಅದರ ಮೇಲೆ ದಿನಕ್ಕೆ 20 ರೂಪಾಯಿ 'ಕಾಮನ್ ಚಾರ್ಜ್', ಮನೇಲಿ ಇದ್ರೂ ಇಲ್ಲದಿದ್ರೂ. ಬಾಡಿಗೆ ಜೊತೆ ಮೇಂಟೆನೆನ್ಸ್ ಬೇರೆ ಕೊಡ್ತಿದ್ದೆವು ಅನ್ನೋದು ಬಿಡಿ. 2025-26ಕ್ಕೆ ಮನೆ ಬಳಕೆಯ ಸರ್ಕಾರಿ ದರ ಯೂನಿಟ್ಟಿಗೆ 5.80. ಕಿಲೋವಾಟ್‌ಗೆ 145 ರೂಪಾಯಿ ನಿಗದಿತ ಶುಲ್ಕ, ತೆರಿಗೆ ಎಲ್ಲಾ ಸೇರಿಸಿದರೂ ನಮ್ಮ ಲೆಕ್ಕದ ಹತ್ತಿರ ಬರಲ್ಲ.

ಒಂದು ರಾತ್ರಿ ಹನ್ನೊಂದೂವರೆಗೆ ಬ್ಯಾಲೆನ್ಸ್ ಮುಗಿದು ಕರೆಂಟ್ ಹೋಯ್ತು. ತಕ್ಷಣ ರೀಚಾರ್ಜ್ ಮಾಡಿದೆ. ದುಡ್ಡು ಹೋಯ್ತು, ಕರೆಂಟ್ ಬಂದಿದ್ದು ನಲವತ್ತು ನಿಮಿಷದ ಮೇಲೆ. ಅಮ್ಮ ಹಳೇ ಕ್ಯಾಲೆಂಡರ್ ಹಿಡಿದು ಗಾಳಿ ಬೀಸಿಕೊಳ್ತಾ ಮೆಟ್ಟಿಲ ಮೇಲೆ ಕೂತಿದ್ದರು.

ಆದರೂ 315ರ ಲೆಕ್ಕ ತಾಳೆ ಆಗಲಿಲ್ಲ. ದಿನಕ್ಕೆ 20ರಂತೆ 200 ಆಯ್ತು, ಉಳಿದ 115 ಎಲ್ಲಿ ಹೋಯ್ತು? ಗೊತ್ತಿರೋ ಎಲೆಕ್ಟ್ರಿಷಿಯನ್ ಒಬ್ಬರನ್ನು ಸಂಜೆ ಕರೆಸಿದೆ. ಮನೆಯ ಮೇನ್ ಆಫ್ ಮಾಡಿ, "ಈಗ ಮೀಟರಿನ ಆ ಕೆಂಪು ಲೈಟ್ ನೋಡಿ ಸರ್" ಅಂದರು. ಏನೂ ಉರೀತಿಲ್ಲ, ಆದರೂ ಹದಿನಾಲ್ಕು ಸೆಕೆಂಡಿಗೊಮ್ಮೆ ಮಿಣುಕ್ ಅಂತಿದೆ. ಮೀಟರ್ ಮೇಲೆ 3200 ಅಂತ ಬರೆದಿತ್ತು. ಅಂದರೆ 3200 ಸಲ ಮಿಣುಕಿದರೆ ಒಂದು ಯೂನಿಟ್. ಅವರು ಕಾರಿಡಾರ್ ಲೈಟ್ ಸ್ವಿಚ್ ಒತ್ತಿದರು. ಮಿಣುಕೋದು ನಿಂತೇ ಹೋಯ್ತು. ನಮ್ಮ ಮಹಡಿಯ ನಾಲ್ಕು ಟ್ಯೂಬ್‌ಲೈಟ್ ನಮ್ಮ ಮೀಟರಿನಿಂದಲೇ ಉರೀತಿದ್ದವು, ರಾತ್ರಿಗೆ ಸುಮಾರು ಒಂದು ಯೂನಿಟ್. ಕೇಳಿದರೆ ಓನರ್, "ವೈರಿಂಗ್‌ನವನು ಹಂಗ್ ಕೊಟ್ಟಾನ, ನನಗೇನ್ ಗೊತ್ರಿ" ಅಂದರು. ಆ ಕಾಮನ್ ಚಾರ್ಜ್ ಮತ್ಯಾವುದಕ್ಕೋ!

ನನಗೆ ಜಾಸ್ತಿ ಹೊಟ್ಟೆ ಉರಿಸಿದ್ದು ಗೃಹ ಜ್ಯೋತಿ. ಬಾಡಿಗೆಯವರಿಗೂ ಅದು ಸಿಗುತ್ತೆ, ಆದರೆ ಬೆಸ್ಕಾಂ ಕೊಟ್ಟ ಆರ್‌ಆರ್ ನಂಬರ್, ಅಂದರೆ ಬಿಲ್ಲಿನ ಮೇಲಿರೋ ಕನೆಕ್ಷನ್ ನಂಬರ್ ಬೇಕು. ನಮ್ಮದು ಓನರ್ ಹಾಕಿಸಿದ ಸಬ್ ಮೀಟರ್, ಇಡೀ ಬಿಲ್ಡಿಂಗಿಗೆ ಕನೆಕ್ಷನ್ ಒಂದೇ. ಅರ್ಜಿ ಹಾಕೋಕೆ ನಂಬರೇ ಇಲ್ಲ.

ಪ್ರೀಪೇಯ್ಡ್ ಅಂದ ಮಾತ್ರಕ್ಕೆ ಕೆಟ್ಟದ್ದು ಅಂತಲ್ಲ. ಮೀಟರ್ ಯಾರದು ಅನ್ನೋದು ಮುಖ್ಯ. ಮನೆ ನೋಡೋಕೆ ಸಂಜೆ ಹೋಗಿ, ಲೈಟ್ ಹಾಕಿರೋ ಹೊತ್ತಿಗೆ. ಹಳೇ ಬೆಸ್ಕಾಂ ಬಿಲ್ ಒಂದು ಕೇಳಿ. ಮೇನ್ ಆಫ್ ಮಾಡಿಸಿ ಐದು ನಿಮಿಷ ಮೀಟರ್ ಮುಂದೆ ನಿಲ್ಲಿ. ಯೂನಿಟ್ ದರ, ದಿನದ ಚಾರ್ಜು ಎರಡನ್ನೂ ಅಗ್ರಿಮೆಂಟಲ್ಲಿ ಬರೆಸಿ. ಹಿಂದಿನ ಬಾಡಿಗೆಯವರ ಹೆಸರಲ್ಲಿ ಗೃಹ ಜ್ಯೋತಿ ಇದ್ದರೆ ಅವರ ಆಧಾರ್ ಜೋಡಣೆ ತೆಗೆಸಿ, ಆಮೇಲೆ ಸೇವಾ ಸಿಂಧುವಲ್ಲಿ ನಿಮ್ಮದು ಹಾಕಿ.

ನಾವು ಸೆಪ್ಟೆಂಬರ್‌ನಲ್ಲಿ ಖಾಲಿ ಮಾಡಿದೆವು. ಆ್ಯಪ್‌ನಲ್ಲಿ 340 ರೂಪಾಯಿ ಉಳಿದಿತ್ತು. ವಾಪಸ್ ಕೇಳಿದ್ದಕ್ಕೆ, "ಅದು ಮುಂದೆ ಬರೋರಿಗೆ ಆಗತ್ತೆ ಬಿಡ್ರಿ" ಅಂದರು.