ಜಡಿಮಳೆಯಲ್ಲೂ ಕರೆಂಟ್ ಹೋಗದ ತೋಟದ ಮನೆ

ಸೋಲಾರ್ ಮೇಲೇ ನಡೆಯುತ್ತೇವೆ ಎನ್ನುವ ರೆಸಾರ್ಟನ್ನು ಜನವರಿಯಲ್ಲಿ ನೋಡಿ ಮೆಚ್ಚಬೇಡಿ. ಆಗ ಮಲೆನಾಡಿನಲ್ಲಿ ಬಿಸಿಲಿಗೆ ಬರವಿಲ್ಲ. ಜುಲೈನಲ್ಲಿ ಹೋಗಿ. ಹಾಸನದಲ್ಲಿ ಇನ್ವರ್ಟರ್, ಬ್ಯಾಟರಿ, ಪ್ಯಾನೆಲ್ ಹಾಕಿಕೊಡುವುದು ನನ್ನ ಕಸುಬು. ಮೋಡ ಮುಚ್ಚಿದರೆ ಪ್ಯಾನೆಲ್ ಹೇಗೆ ಸೊರಗುತ್ತದೆ ಎಂದು ಚೆನ್ನಾಗಿ ಗೊತ್ತು. ಮೂಡಿಗೆರೆ ಆಚೆ, ವಿದ್ಯುತ್ ಕಂಬವೇ ಬಾರದ ಕಾಫಿ ತೋಟದ ತುದಿಯಲ್ಲಿ ಐದು ಐಷಾರಾಮಿ ಮನೆ ಕಟ್ಟಿ ಬಾಡಿಗೆಗೆ ಕೊಡುತ್ತಾರೆ. ಅಲ್ಲಿಗೆ ನಾನೂ ನನ್ನ ಹೆಂಡತಿಯೂ ಬೇಕೆಂದೇ ಮಳೆ ಹಿಡಿದಾಗ ಹೋದೆವು. ಇಬ್ಬರಿಗೆ ಊಟ ತಿಂಡಿ ಸೇರಿ ರಾತ್ರಿಗೆ 14,000 ರೂಪಾಯಿ.

ಕರೆಂಟ್ ಒಮ್ಮೆಯೂ ಹೋಗಲಿಲ್ಲ. ಅದಕ್ಕೆ ಕಾರಣ ಪಕ್ಕದ ಹಳ್ಳ. ಗುಡ್ಡದ ಮೇಲಿಂದ ಪೈಪಿನಲ್ಲಿ ನೀರು ಇಳಿಸಿ, ಕೆಳಗೆ ಪುಟ್ಟ ಟರ್ಬೈನ್ ತಿರುಗಿಸುತ್ತಾರೆ. ಪೀಕೋ ಹೈಡ್ರೋ ಎನ್ನುತ್ತಾರೆ, ನಮ್ಮ ಮಲೆನಾಡಿನ ತೋಟಗಳಿಗೆ ಹೊಸದೇನಲ್ಲ. 40 ಮೀಟರ್ ಎತ್ತರದಿಂದ ಸೆಕೆಂಡಿಗೆ 5 ಲೀಟರ್ ಇಳಿದರೆ, ನಷ್ಟವೆಲ್ಲ ಕಳೆದು ಸುಮಾರು 1 ಕಿಲೋವ್ಯಾಟ್ ಸಿಗುತ್ತದೆ. ಕಮ್ಮಿ ಅನ್ನಿಸಬಹುದು. ಆದರೆ ಹಗಲು ರಾತ್ರಿ ನಿಲ್ಲದೆ ಬರುತ್ತದಲ್ಲ, ದಿನಕ್ಕೆ 24 ಯೂನಿಟ್! 5 ಕಿಲೋವ್ಯಾಟ್ ಪ್ಯಾನೆಲ್ ಒಳ್ಳೆಯ ಬಿಸಿಲಿನಲ್ಲೂ ಕೊಡುವುದು ಸುಮಾರು 20. ಪ್ಯಾನೆಲ್ ಸೋಲುವ ತಿಂಗಳಲ್ಲೇ ಹಳ್ಳ ತುಂಬಿ ಹರಿಯುತ್ತದೆ. ಈ ಜೋಡಿಯನ್ನು ಅರಿತು ಕಟ್ಟಿದ್ದಾರೆ. ಬ್ಯಾಟರಿ ಲಿಥಿಯಂ ಐರನ್ ಫಾಸ್ಫೇಟ್. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡುತ್ತಾ ಹೋದರೆ ಆಯಸ್ಸು ಬೇಗ ಮುಗಿಯುತ್ತದೆ, ಇದು ಇನ್ನೂ ಕೆಳಗಿಳಿದರೂ ತಾಳುತ್ತದೆ.

ನನಗೆ ತುಂಬಾ ಇಷ್ಟವಾಗಿದ್ದು ಬಟ್ಟೆ ಒಣಗಿಸುವ ಕೋಣೆ. ಇಂಥ ಟರ್ಬೈನಿಗೆ ಒಂದು ತೊಂದರೆ ಇದೆ. ಯಾರೂ ಕರೆಂಟ್ ಬಳಸದಿದ್ದರೆ ಅದು ಹದ ತಪ್ಪಿ ಜೋರಾಗಿ ತಿರುಗುತ್ತದೆ, ವೋಲ್ಟೇಜ್ ಏರುತ್ತದೆ. ಮಿಕ್ಕ ಕರೆಂಟನ್ನು ಎಲ್ಲಾದರೂ ಸುಡಲೇಬೇಕು. ಸಾಮಾನ್ಯವಾಗಿ ಒಂದು ಹೀಟರ್ ಕಾಯಿಲ್ ಹಾಕಿ ಶಾಖವನ್ನು ಸುಮ್ನೆ ಗಾಳಿಗೆ ಬಿಡುತ್ತಾರೆ. ಇವರು ಆ ಕಾಯಿಲನ್ನು ಒಂದು ಸಣ್ಣ ಕೋಣೆಯ ನೆಲದ ಹತ್ತಿರ ಕೂರಿಸಿ, ಮೇಲೆ ಬಟ್ಟೆ ಹರವಲು ಗಳು ಕಟ್ಟಿದ್ದಾರೆ. ರಾತ್ರಿ ಎಲ್ಲರೂ ದೀಪ ಆರಿಸಿದಷ್ಟೂ ಕೋಣೆ ಬೆಚ್ಚಗಾಗುತ್ತದೆ. ತೋಟ ಸುತ್ತಿ ಬಂದು, ಇಂಬಳ ಕಿತ್ತೆಸೆದು, ತೊಯ್ದ ಪ್ಯಾಂಟನ್ನು ಅಲ್ಲಿ ನೇತುಹಾಕಿದೆ. ಬೆಳಿಗ್ಗೆ ಗರಿಗರಿಯಾಗಿತ್ತು. ಮಳೆಗಾಲದ ಮಲೆನಾಡಿನಲ್ಲಿ ಒಣಗಿದ ಬಟ್ಟೆಗಿಂತ ದೊಡ್ಡ ಸುಖ ಯಾವುದಿದೆ, ಅಲ್ವಾ? ಇದನ್ನು ಯೋಚಿಸಿದವರಿಗೆ ನನ್ನ ನಮಸ್ಕಾರ.

ಗೀಸರ್ ಇಲ್ಲ. ಇರಲೂಬಾರದು. 100 ಲೀಟರ್ ನೀರನ್ನು 35 ಡಿಗ್ರಿ ಹೆಚ್ಚು ಬಿಸಿ ಮಾಡಲು ಸುಮಾರು 4 ಯೂನಿಟ್ ಬೇಕು. ಐದು ಮನೆಗೆ ಲೆಕ್ಕ ಹಾಕಿ, ಹಳ್ಳದ ಕರೆಂಟೆಲ್ಲ ಸ್ನಾನಕ್ಕೇ ಮುಗಿಯಿತು. ಇಲ್ಲಿ ತಾಮ್ರದ ಹಂಡೆ, ತೋಟದಲ್ಲಿ ಸವರಿದ ಸಿಲ್ವರ್ ಓಕ್ ಸೌದೆ. ಅಡುಗೆಮನೆಯಲ್ಲಿ ಅಸ್ತ್ರ ಒಲೆ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರ ರೂಪಿಸಿದ ಒಲೆ ಅದು. "ಹೊಗೆ ಒಳಗೆ ನಿಲ್ಲಲ್ಲ ಅಣ್ಣ, ಕಣ್ಣುರಿನೂ ಇಲ್ಲ" ಎಂದರು ಅಡುಗೆಯ ಅಕ್ಕ. ಅವರ ಕಡುಬು, ಕಳಲೆ ಪಲ್ಯ ಎರಡೂ ಸೊಗಸು.

ಇಷ್ಟೆಲ್ಲ ಲೆಕ್ಕ ಬಲ್ಲವರು ಪ್ರತಿ ಮನೆಗೂ ಬಾತ್ ಟಬ್ ಯಾಕೆ ಇಟ್ಟರು? ಒಂದು ಸಲ ತುಂಬಲು 250 ಲೀಟರ್ ಬಿಸಿನೀರು, ಅಂದರೆ 10 ಯೂನಿಟ್‌ನಷ್ಟು ಶಾಖ. ಎಷ್ಟು ಸೌದೆ ಆಗಬೇಡ! ಕಣಿವೆ ಕಡೆಗೆ ಇಡೀ ಗೋಡೆ ಗಾಜು. ಮಳೆಯಲ್ಲಿ ಕಾಣುವುದು ಬಿಳಿ ಮಂಜು ಮಾತ್ರ, ಒಳಗೆ ಚಳಿ ಬೇರೆ. ಹಾಸಿಗೆಯಲ್ಲಿ ಮುಗ್ಗಲು ವಾಸನೆ ಇತ್ತು. ಉಳಿದ ಮೂರು ಗೋಡೆಗಳು ಮಣ್ಣಿನ ಇಟ್ಟಿಗೆಯವು, ಮೇಲೆ ಮಂಗಳೂರು ಹೆಂಚು, ಸೂರು ಉದ್ದಕ್ಕೆ ಇಳಿದಿದೆ. ಆ ಕಡೆ ಒಂದು ಹನಿಯೂ ಒಳಗೆ ಬರಲಿಲ್ಲ. ಗಾಜು ಕಮ್ಮಿ ಮಾಡಿ ಜಗಲಿ ಅಗಲ ಮಾಡಿದ್ದರೆ ಹೊರಗೆ ಕೂತು ಕಾಫಿ ಕುಡಿಯಬಹುದಿತ್ತು.

ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ ಎಂದು ನಾನೇ ಕೇಳಿದೆ. ಆ ಹಳ್ಳ ಹೇಮಾವತಿಗೆ ಸೇರುತ್ತದೆ, ಅದೇ ನೀರು ಗೊರೂರು ಅಣೆಕಟ್ಟೆಗೆ ಬರುತ್ತದೆ. ನಾವು ಹಾಸನದವರು ಕೇಳಲೇಬೇಕಾದ ಪ್ರಶ್ನೆ. ಮಾಲೀಕರು ಬೇಸರ ಮಾಡದೆ ಕೊಡೆ ಹಿಡಿದು ಕರೆದುಕೊಂಡು ಹೋಗಿ ತೋರಿಸಿದರು. ಜಲ್ಲಿ ತುಂಬಿದ ಗುಂಡಿ, ಅದರ ಮೇಲೆ ಕಾಬಾಳೆ ಗಿಡ, ಅಲ್ಲಿಂದ ಬಾಳೆ ತೋಟಕ್ಕೆ. ಹಳ್ಳಕ್ಕೆ ನೇರವಾಗಿ ಏನನ್ನೂ ಬಿಟ್ಟಿಲ್ಲ. ಕೋಣೆಯೊಳಗಿನ ನುಣುಪು ಕಲ್ಲಿನ ಸಿಂಕಿಗಿಂತ ಈ ಗುಂಡಿಗೆ ನಾನು ಜಾಸ್ತಿ ಅಂಕ ಕೊಡುತ್ತೇನೆ.

ಹಿಂಬದಿಯ ಶೆಡ್ಡಿನಲ್ಲಿ ಒಂದು ಡೀಸೆಲ್ ಜನರೇಟರ್ ಇದೆ. ಬೇಸಿಗೆಯಲ್ಲಿ ಹಳ್ಳ ಬತ್ತಿ, ಐದೂ ಮನೆ ತುಂಬಿದಾಗ ಓಡಿಸುತ್ತಾರಂತೆ. ಇಟ್ಟುಕೊಂಡಿದ್ದು ತಪ್ಪಲ್ಲ. ಆದರೆ ಜಾಹೀರಾತಿನಲ್ಲಿ ಅದರ ಸುದ್ದಿಯೇ ಇಲ್ಲ. ಇಷ್ಟು ದುಡ್ಡು ಕೊಡುವವರಿಗೆ ಹೇಳಿಬಿಡಬೇಕು. ಏಪ್ರಿಲ್‌ನಲ್ಲಿ ಹೋಗುವವರು ಹಳ್ಳದಲ್ಲಿ ನೀರಿದೆಯಾ, ಜನರೇಟರ್ ಎಷ್ಟು ಹೊತ್ತು ಓಡುತ್ತದೆ ಎಂದು ಫೋನಿನಲ್ಲೇ ಕೇಳಿಕೊಳ್ಳಿ. ಮಳೆಗಾಲದಲ್ಲಾದರೆ ಕಣ್ಣು ಮುಚ್ಚಿ ಬುಕ್ ಮಾಡಿ. ಕೊನೆಯ 3 ಕಿಲೋಮೀಟರ್ ಕಾರು ಹೋಗುವುದಿಲ್ಲ. ಅವರೇ ಜೀಪ್ ಕಳಿಸುತ್ತಾರೆ, ಕತ್ತಲಾಗುವ ಮುಂಚೆ ಮೂಡಿಗೆರೆ ತಲುಪಿಕೊಳ್ಳಿ.