‘ಭೂಕುಸಿತವೂ ಸೇರಿದೆ ಸಾರ್’ ಎಂಬ ಮಾತನ್ನು ನಂಬುವ ಮೊದಲು

ಬರೆ (ಗುಡ್ಡದ ಕಡಿದಾದ ಇಳಿಜಾರು) ಕಡಿದು ಮನೆ ಕಟ್ಟಿ, ಅದಕ್ಕೆ ವಿಮೆಯನ್ನೂ ಮಾಡಿಸಿ ನೆಮ್ಮದಿಯಾಗಿರುವ ಕೊಡಗಿನವರು, ಮಲೆನಾಡಿನವರು ದಯವಿಟ್ಟು ಇದನ್ನು ಓದಬೇಕು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ: ಮೂವತ್ತು ವರ್ಷ ಕಚೇರಿಯಲ್ಲಿ ಕಡತ ನೋಡಿದ ನಾನು ನನ್ನದೇ ಪಾಲಿಸಿಯನ್ನು ಓದಿರಲಿಲ್ಲ.

ಗೃಹಸಾಲದ ಜೊತೆಗೇ ಪಾಲಿಸಿ ಮಾಡಿಸಿದ ಏಜೆಂಟರು, ‘ಬೆಂಕಿ, ಪ್ರವಾಹ, ಭೂಕುಸಿತ ಎಲ್ಲವೂ ಸೇರಿದೆ ಸಾರ್’ ಎಂದಿದ್ದರು. ಸುಳ್ಳೇನಲ್ಲ, ಮೊದಲ ಪುಟದಲ್ಲಿ ಹಾಗೆಯೇ ಇದೆ. 2018ರ ಆಗಸ್ಟ್‌ನಲ್ಲಿ ಮಡಿಕೇರಿಯ ಸುತ್ತಲಿನ ಗುಡ್ಡಗಳು ಜಾರಿದ ವಾರವೇ ನಮ್ಮ ಹಿತ್ತಲಿನ ಬರೆಯೂ ಕುಸಿದು ಅಡುಗೆಮನೆ ಮಣ್ಣಿನಡಿ ಹೋಯಿತು.

ನಷ್ಟ ನೋಡಲು ವಿಮಾ ಕಂಪನಿಯ ಕಡೆಯಿಂದ ಬಂದ ಸರ್ವೇಯರ್ ಮನೆಗಿಂತ ಬರೆಯನ್ನೇ ಹೆಚ್ಚು ನೋಡಿದರು. ಕುಸಿಯದೆ ಉಳಿದಿದ್ದ ಅಂಚಿನಲ್ಲಿ, ಜರೀಗಿಡಗಳ ಸಂದಿನಲ್ಲಿ, ಜೆಸಿಬಿಯ ಹಲ್ಲು ಎಳೆದ ಗೀರುಗಳಿದ್ದವು. ಅವುಗಳ ಪಕ್ಕ ಟೇಪು ಹಿಡಿಸಿ ಫೋಟೊ ತೆಗೆದುಕೊಂಡರು. ಟೇಪಿನ ಇನ್ನೊಂದು ತುದಿ ಹಿಡಿದು ನಿಂತಿದ್ದವನು ನಾನೇ! ‘ಯಾವಾಗ ಕಡಿಸಿದ್ದು?’ ಎಂದು ಹವಾಮಾನ ವಿಚಾರಿಸುವಂತೆ ಕೇಳಿದರು. ‘ಮನೆ ಕಟ್ಟುವಾಗ, ಏಳು ವರ್ಷದ ಹಿಂದೆ’ ಎಂದೂ ನಾನೇ ಹೇಳಿದೆ.

ಅಗೆತದಿಂದ ಉಂಟಾದ ಭೂಕುಸಿತ ಪಾಲಿಸಿಯ ವ್ಯಾಪ್ತಿಗೆ ಬರುವುದಿಲ್ಲವೆಂದು ಪತ್ರ ಬಂತು. ಕಂಪನಿಯ ಶಾಖೆಗೆ ಹೋದರೆ ಅಧಿಕಾರಿ, ‘ವಿಮೆ ಇರುವುದು ಆಕಸ್ಮಿಕಕ್ಕೆ, ನೀವು ಬರೆ ಕಡಿದದ್ದು ಆಕಸ್ಮಿಕವೇ ಸಾರ್?’ ಎಂದರು. ಏಳು ಮಳೆಗಾಲ ಅಲುಗಾಡದೆ ನಿಂತ ಬರೆ ಬೀಳುವುದು ನಿಮಗೆ ಅಷ್ಟು ಖಚಿತವಾಗಿದ್ದರೆ, ಪ್ರತಿ ವರ್ಷ ಪ್ರೀಮಿಯಂ ಕಟ್ಟಿಸಿಕೊಳ್ಳುವ ಮೊದಲು ಒಬ್ಬರನ್ನಾದರೂ ಕಳಿಸಿ ನೋಡಿಸಬಹುದಿತ್ತಲ್ಲ ಎಂದೆ. ‘ಪ್ರಪೋಸಲ್ ಫಾರಂನಲ್ಲಿ (ವಿಮೆ ಕೋರುವ ಅರ್ಜಿಯಲ್ಲಿ) ನೀವೇ ತಿಳಿಸಬೇಕಿತ್ತು’ ಎಂಬ ಉತ್ತರ ಸಿದ್ಧವಾಗಿತ್ತು. ಆ ಫಾರಂ ತುಂಬಿದವರು ಅವರದೇ ಏಜೆಂಟರು; ಪೆನ್ಸಿಲಿನಲ್ಲಿ ಗುರುತು ಹಾಕಿಕೊಟ್ಟ ಕಡೆಯೆಲ್ಲ ನಾನು ಸಹಿ ಮಾಡಿದ್ದೆ, ಅಷ್ಟೆ.

2021ರ ಏಪ್ರಿಲ್‌ನಿಂದ ಬಂದಿರುವ ‘ಭಾರತ್ ಗೃಹ ರಕ್ಷಾ’ ಪಾಲಿಸಿಯಲ್ಲೂ ಭೂಕುಸಿತದ ಎದುರು ಇದೇ ಷರತ್ತು ಇದೆ, ಇವಕ್ಕೆ ಪರಿಹಾರವಿಲ್ಲ: ಅಗೆತ, ಕಟ್ಟಡ ಕಾಮಗಾರಿ, ಮಣ್ಣು ತುಂಬಿಸಿದ ನೆಲದ ಕುಸಿತ. ಆದ್ದರಿಂದ ಬರೆ ಕಡಿದಿದ್ದರೆ ಫಾರಂನಲ್ಲಿ ಬರೆಯಿರಿ, ರಕ್ಷಣೆ ಇದೆಯೋ ಇಲ್ಲವೋ ಎಂಬುದನ್ನು ಲಿಖಿತವಾಗಿ ಪಡೆಯಿರಿ, ಏಜೆಂಟರ ಬಾಯಿಮಾತು ಬೇಡವೇ ಬೇಡ. ನಿಮ್ಮ ಲಿಖಿತ ದೂರನ್ನು ಕಂಪನಿ ತಿರಸ್ಕರಿಸಿದರೆ ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ (ವಿಮೆ ಕುರಿತ ದೂರುಗಳನ್ನು ಇತ್ಯರ್ಥಪಡಿಸುವ ಅಧಿಕಾರಿಗೆ) ದೂರು ಕೊಡಿ; ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ನಾನು ಮಾತ್ರ ‘ಮೇಲಿನವರಿಗೆ ಕಳಿಸಿದ್ದೇವೆ ಸಾರ್’ ಎಂಬ ಮಾತನ್ನು ಮತ್ತೆ ನಂಬಿ, ಶಾಖೆಗೇ ಹದಿನಾಲ್ಕು ತಿಂಗಳು ಪತ್ರ ಬರೆಯುತ್ತ ಕುಳಿತೆ.